ಹಿಮ್ಮಡಿಯ ಟೆಂಡನ್ ಹರಿದಾಗ: ಹೊಲಿಗೆಯಿಂದ ಓಟದವರೆಗೆ

ಶಟಲ್ ಆಡುತ್ತಾ ಮುಂದಕ್ಕೆ ಜಿಗಿದಾಗ, ಕಬಡ್ಡಿಯಲ್ಲಿ ಗಕ್ಕನೆ ತಿರುಗಿದಾಗ, ಕೆಲವೊಮ್ಮೆ ಮೆಟ್ಟಿಲು ತಪ್ಪಿದಾಗಲೂ ‘ಟಪ್’ ಎಂಬ ಸದ್ದು ಕೇಳಿ, ಹಿಂದಿನಿಂದ ಯಾರೋ ಒದ್ದಂತಾಗುತ್ತದೆ. ಮೀನಖಂಡವನ್ನು ಹಿಮ್ಮಡಿಯ ಮೂಳೆಗೆ ಬಿಗಿಯುವ ಅಕಿಲಿಸ್ ಟೆಂಡನ್ ಹರಿದಿರುವ ಲಕ್ಷಣವಿದು. ಸುಮಾರು 15 ಸೆಂ.ಮೀ. ಉದ್ದದ ಈ ಟೆಂಡನ್ ದೇಹದಲ್ಲೇ ಅತ್ಯಂತ ಗಟ್ಟಿಯಾದದ್ದು. ಆದರೂ ಹಿಮ್ಮಡಿಯಿಂದ 2ರಿಂದ 6 ಸೆಂ.ಮೀ. ಮೇಲಿನ ಭಾಗಕ್ಕೆ ರಕ್ತ ಪೂರೈಕೆ ಕಡಿಮೆ. ಹರಿಯುವುದು ಹೆಚ್ಚಾಗಿ ಅಲ್ಲೇ.

ವಾರವಿಡೀ ಕುರ್ಚಿಯಲ್ಲಿ ಕುಳಿತು ಭಾನುವಾರ ಮಾತ್ರ ಆಡುವ, 30ರಿಂದ 50ರ ವಯಸ್ಸಿನ ಗಂಡಸರಲ್ಲಿ ಈ ಪೆಟ್ಟು ಹೆಚ್ಚು. ಸಿಪ್ರೊಫ್ಲಾಕ್ಸಾಸಿನ್, ಲೆವೊಫ್ಲಾಕ್ಸಾಸಿನ್‌ನಂಥ ಆ್ಯಂಟಿಬಯೋಟಿಕ್‌ಗಳೂ ಸ್ಟೆರಾಯ್ಡ್‌ಗಳೂ ಟೆಂಡನ್ನನ್ನು ದುರ್ಬಲಗೊಳಿಸಬಲ್ಲವು.

ಹರಿದದ್ದನ್ನು ಹೊಲಿಯುವುದು ಸುಮಾರು ಒಂದು ಗಂಟೆಯ ಕೆಲಸ. ಹೊಲಿದದ್ದು ಹಿಗ್ಗದಂತೆ ಕಾಯುವುದು ತಿಂಗಳುಗಟ್ಟಲೆಯ ಕೆಲಸ, ಅದು ರೋಗಿಯ ಮತ್ತು ಮನೆಯವರ ಪಾಲಿನದು. ಟೆಂಡನ್ ಉದ್ದವಾಗಿ ಕೂಡಿಕೊಂಡರೆ ಗಾಯ ಮಾಯ್ದರೂ ತುದಿಗಾಲಲ್ಲಿ ನಿಲ್ಲುವ ಕಸುವು ಪೂರ್ತಿ ಮರಳುವುದಿಲ್ಲ.

ಹಂತ 1: ಉಳುಕು ಎಂದು ಬಿಡಬೇಡಿ

ಟೆಂಡನ್ ಪೂರ್ತಿ ಹರಿದಿದ್ದರೂ ಕುಂಟುತ್ತಾ ನಡೆಯಬಹುದು, ಬೆರಳು ಆಡಿಸಬಹುದು. ಬೇರೆ ಸ್ನಾಯುಗಳು ಆ ಕೆಲಸವನ್ನು ಅಷ್ಟಿಷ್ಟು ನಿಭಾಯಿಸುತ್ತವೆ. ಹೀಗಾಗಿಯೇ ಎಷ್ಟೋ ಮಂದಿ ಉಳುಕೆಂದು ಭಾವಿಸಿ ವಾರಗಟ್ಟಲೆ ಕಳೆಯುತ್ತಾರೆ.

ವೈದ್ಯರು ಮಾಡುವ ಪರೀಕ್ಷೆ ಸರಳ. ರೋಗಿಯನ್ನು ಬೋರಲಾಗಿ ಮಲಗಿಸಿ, ಪಾದ ಮಂಚದಿಂದ ಹೊರಗಿರುವಂತೆ ಮಾಡಿ ಮೀನಖಂಡವನ್ನು ಹಿಚುಕುತ್ತಾರೆ. ಟೆಂಡನ್ ಸರಿಯಿದ್ದರೆ ಪಾದ ತಾನಾಗಿ ಕೆಳಕ್ಕೆ ಬಾಗುತ್ತದೆ. ಹರಿದಿದ್ದರೆ ಅಲುಗುವುದೇ ಇಲ್ಲ. ಮೂಳೆಯ ಚೂರು ಕಿತ್ತುಬಂದಿದೆಯೇ ಎಂದು ನೋಡಲು ಎಕ್ಸ್‌ರೇ, ಅನುಮಾನವಿದ್ದರೆ ಅಲ್ಟ್ರಾಸೌಂಡ್ ಅಥವಾ ಎಂಆರ್‌ಐ ಮಾಡಿಸುತ್ತಾರೆ.

ಆಸ್ಪತ್ರೆ ತಲುಪುವವರೆಗೆ:
- ಆ ಕಾಲಿನ ಮೇಲೆ ಭಾರ ಹಾಕಬೇಡಿ. ಪಾದವನ್ನು ಕೆಳಮುಖವಾಗಿಯೇ ಇರಲು ಬಿಡಿ.
- ಬಟ್ಟೆಯಲ್ಲಿ ಸುತ್ತಿದ ಐಸನ್ನು 15–20 ನಿಮಿಷ ಇಡಿ.
- ಎಣ್ಣೆ ಹಚ್ಚಿ ನೀವುವುದು, ಎಳೆದು ಕಟ್ಟು ಹಾಕಿಸುವುದು ಬೇಡ.

ಮೂಳೆ ತಜ್ಞರನ್ನು ಒಂದೆರಡು ದಿನದೊಳಗೆ ಕಾಣಬೇಕು. ನಾಲ್ಕಾರು ವಾರ ದಾಟಿದರೆ ಹರಿದ ತುದಿಗಳು ದೂರ ಸರಿದುಬಿಡುತ್ತವೆ. ಆಗ ಬರೀ ಹೊಲಿಗೆ ಸಾಲದೆ, ಕಾಲಿನ ಹೆಬ್ಬೆರಳನ್ನು ಬಾಗಿಸುವ ಟೆಂಡನ್ನನ್ನು ತಂದು ಜೋಡಿಸುವಂಥ ದೊಡ್ಡ ಶಸ್ತ್ರಚಿಕಿತ್ಸೆ ಬೇಕಾಗಬಹುದು.

ಹಂತ 2: ಶಸ್ತ್ರಚಿಕಿತ್ಸೆ ಬೇಕೇ ಎಂದು ತೀರ್ಮಾನಿಸಿ

ಎಲ್ಲರಿಗೂ ಬೇಕಿಲ್ಲ. ನಾರ್ವೆಯಲ್ಲಿ 526 ರೋಗಿಗಳ ಮೇಲೆ ನಡೆದ ಅಧ್ಯಯನ 2022ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ಪ್ರಕಟವಾಯಿತು. ಶಸ್ತ್ರಚಿಕಿತ್ಸೆ ಇಲ್ಲದೆ ಗುಣಪಡಿಸಿಕೊಂಡವರು, ದೊಡ್ಡ ಗಾಯ ಮಾಡಿ ಹೊಲಿಸಿಕೊಂಡವರು, ಸಣ್ಣ ಗಾಯದಲ್ಲಿ ಹೊಲಿಸಿಕೊಂಡವರು ಎಂಬ ಮೂರು ಗುಂಪುಗಳೂ ಒಂದು ವರ್ಷದ ಹೊತ್ತಿಗೆ ಹೆಚ್ಚುಕಡಿಮೆ ಒಂದೇ ಸ್ಥಿತಿಯಲ್ಲಿದ್ದವು. ಎರಡು ವ್ಯತ್ಯಾಸಗಳು ಮಾತ್ರ ಎದ್ದು ಕಂಡವು. ಟೆಂಡನ್ ಮತ್ತೆ ಹರಿದ ಪ್ರಮಾಣ ಶಸ್ತ್ರಚಿಕಿತ್ಸೆ ಇಲ್ಲದವರಲ್ಲಿ ಶೇ 6.2, ಎರಡೂ ಬಗೆಯ ಶಸ್ತ್ರಚಿಕಿತ್ಸೆಯಲ್ಲಿ ತಲಾ ಶೇ 0.6. ನರಕ್ಕೆ ಪೆಟ್ಟಾದದ್ದು ದೊಡ್ಡ ಗಾಯದವರಲ್ಲಿ ಶೇ 2.8, ಸಣ್ಣ ಗಾಯದವರಲ್ಲಿ ಶೇ 5.2, ಶಸ್ತ್ರಚಿಕಿತ್ಸೆ ಇಲ್ಲದವರಲ್ಲಿ ಶೇ 0.6.

ಆಟಗಾರರು, ಓಡಾಟದ ದುಡಿಮೆಯವರು, ತಡವಾಗಿ ಬಂದವರು ಸಾಮಾನ್ಯವಾಗಿ ಶಸ್ತ್ರಚಿಕಿತ್ಸೆಯತ್ತ ವಾಲುತ್ತಾರೆ. ಸಕ್ಕರೆ ಕಾಯಿಲೆ ಹತೋಟಿಯಲ್ಲಿಲ್ಲದವರಿಗೆ, ಬೀಡಿ–ಸಿಗರೇಟು ಬಿಡದವರಿಗೆ, ಕಾಲಿನ ರಕ್ತ ಸಂಚಾರ ಕುಂದಿದವರಿಗೆ ಗಾಯ ಮಾಯದೆ ಕೀವಾಗುವ ಅಪಾಯ ಹೆಚ್ಚು. ಅಂಥವರಿಗೆ ಹೊಲಿಗೆಯಿಲ್ಲದೆ, ಪಾದವನ್ನು ಬೂಟಿನಲ್ಲಿ ಹಿಡಿದಿಡುವ ಚಿಕಿತ್ಸೆಯೇ ಸರಿಯಿರಬಹುದು. ಅದೂ ಸುಮ್ಮನೆ ಮನೆಯಲ್ಲಿ ಮಲಗುವ ಚಿಕಿತ್ಸೆಯಲ್ಲ. ಮೊದಲ ದಿನಗಳಲ್ಲೇ ಪಾದವನ್ನು ಕೆಳಮುಖವಾಗಿ ಕಟ್ಟಿ, ನಿಯಮಬದ್ಧ ವ್ಯಾಯಾಮ ಮಾಡಿಸಿದರಷ್ಟೇ ಅದು ಫಲ ಕೊಡುತ್ತದೆ.

ಹಂತ 3: ಆಸ್ಪತ್ರೆಗೆ ಹೋಗುವ ಮೊದಲೇ ಮನೆ ಸಿದ್ಧಮಾಡಿ

- ಊರುಗೋಲು ಅಥವಾ ವಾಕರ್ ಹಿಡಿದು ನಡೆಯುವುದನ್ನು ಮೊದಲೇ ಅಭ್ಯಾಸ ಮಾಡಿ.
- ಕುಕ್ಕರಗಾಲಲ್ಲಿ ಕೂರುವ ಶೌಚಾಲಯ ಕೆಲ ತಿಂಗಳು ಬೇಡವೇ ಬೇಡ. ಹಾಗೆ ಕುಳಿತಾಗ ಪಾದ ಮೇಲಕ್ಕೆ ಮಡಚಿ ಟೆಂಡನ್ ಜೋರಾಗಿ ಎಳೆಯಲ್ಪಡುತ್ತದೆ. ವೆಸ್ಟರ್ನ್ ಕಮೋಡ್ ಇಲ್ಲದಿದ್ದರೆ ಕಮೋಡ್ ಕುರ್ಚಿ ತರಿಸಿ.
- ಬಚ್ಚಲಲ್ಲಿ ಪ್ಲಾಸ್ಟಿಕ್ ಕುರ್ಚಿ, ಹಿಡಿಯಲು ಕಂಬಿ, ಜಾರದ ಮ್ಯಾಟ್ ಇರಲಿ. ಹಾಸಿಗೆ ನೆಲಮಹಡಿಯಲ್ಲಿರಲಿ.
- ರಕ್ತ ತೆಳುವಾಗಿಸುವ ಮಾತ್ರೆ ಸೇರಿ, ನುಂಗುವ ಎಲ್ಲ ಔಷಧಿಗಳನ್ನೂ ವೈದ್ಯರಿಗೆ ತಿಳಿಸಿ.
- ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಕಾರ್ಡ್ ಇದ್ದರೆ ಅದರಡಿ ಚಿಕಿತ್ಸೆ ಸಿಗುತ್ತದೆಯೇ ಎಂದು ಆಸ್ಪತ್ರೆಯ ಆರೋಗ್ಯಮಿತ್ರರನ್ನು ವಿಚಾರಿಸಿ.

ಹಂತ 4: ಶಸ್ತ್ರಚಿಕಿತ್ಸೆಯ ದಿನ

ಸಾಮಾನ್ಯವಾಗಿ ಬೆನ್ನಿಗೆ ಅರಿವಳಿಕೆ ಚುಚ್ಚುಮದ್ದು ಕೊಟ್ಟು ಬೋರಲಾಗಿ ಮಲಗಿಸುತ್ತಾರೆ. ಹಿಮ್ಮಡಿಯ ಮೇಲ್ಗಡೆ ಚರ್ಮ ಸೀಳಿ, ಹರಿದು ಕಸಬರಿಕೆಯಂತಾದ ಎಳೆಗಳನ್ನು ಒಟ್ಟುಗೂಡಿಸಿ ಗಟ್ಟಿ ದಾರದಿಂದ ಹೊಲಿಯುತ್ತಾರೆ. ಸಣ್ಣ ಗಾಯದ ವಿಧಾನದಲ್ಲಿ ಚರ್ಮ ಬೇಗ ಮಾಯುತ್ತದೆ, ಆದರೆ ಪಾದದ ಹೊರಬದಿಗೆ ಸ್ಪರ್ಶ ಕೊಡುವ ಸ್ಯೂರಲ್ ನರ ಹತ್ತಿರದಲ್ಲೇ ಇರುವುದರಿಂದ ಎಚ್ಚರ ಬೇಕು. ಕೊನೆಗೆ ಬೆರಳು ಕೆಳಮುಖವಾಗಿರುವಂತೆ ಪ್ಲಾಸ್ಟರ್ ಸ್ಲ್ಯಾಬ್ ಹಾಕುತ್ತಾರೆ. ಬಹುತೇಕರು ಒಂದೆರಡು ದಿನದಲ್ಲಿ ಮನೆ ಸೇರುತ್ತಾರೆ.

ಹಂತ 5: ವಾರದಿಂದ ವಾರಕ್ಕೆ ಚೇತರಿಕೆ

ಒಂದೊಂದು ಆಸ್ಪತ್ರೆಯ ಕ್ರಮ ಕೊಂಚ ಬೇರೆ. ನಿಮ್ಮ ವೈದ್ಯರ ಮಾತೇ ಅಂತಿಮ. ಸ್ಥೂಲ ದಾರಿ ಹೀಗಿದೆ:

ಮೊದಲ 2 ವಾರ: ಸಾಮಾನ್ಯವಾಗಿ ಕಾಲಿನ ಮೇಲೆ ಭಾರ ಹಾಕುವಂತಿಲ್ಲ. ದಿಂಬಿನ ಮೇಲೆ ಕಾಲನ್ನು ಎದೆಮಟ್ಟಕ್ಕಿಂತ ಎತ್ತರದಲ್ಲಿಡಿ. ಸ್ಲ್ಯಾಬ್ ನೆನೆಯದಿರಲಿ. ಎರಡು ವಾರದ ಹೊತ್ತಿಗೆ ಚರ್ಮದ ಹೊಲಿಗೆ ಬಿಚ್ಚುತ್ತಾರೆ.

2ರಿಂದ 6–8 ವಾರ: ಹಿಮ್ಮಡಿಯಡಿ ಮೆತ್ತೆಗಳಿರುವ ವಾಕಿಂಗ್ ಬೂಟ್ ಬರುತ್ತದೆ. ವೈದ್ಯರು ಹೇಳಿದಷ್ಟೇ ಭಾರ ಹಾಕುತ್ತಾ ಊರುಗೋಲಿನೊಂದಿಗೆ ನಡೆಯಬೇಕು. ಮೆತ್ತೆಗಳನ್ನು ಒಂದೊಂದಾಗಿ ತೆಗೆಯುತ್ತಾ ಬರುತ್ತಾರೆ. ಬೇಗ ಗುಣವಾಗಲೆಂದು ನೀವೇ ತೆಗೆಯಬೇಡಿ. ಮಲಗುವಾಗಲೂ ಬೂಟ್ ಬೇಕೇ ಎಂದು ಕೇಳಿಕೊಳ್ಳಿ.

8ರಿಂದ 12 ವಾರ: ಬೂಟ್ ಬಿಟ್ಟು, ಹಿಮ್ಮಡಿ ಎತ್ತರಿಸಿದ ಶೂ ಹಾಕಬಹುದು. ಬರಿಗಾಲ ನಡಿಗೆ, ಹವಾಯಿ ಚಪ್ಪಲಿ ಬೇಡ. ಗೋಡೆ ಹಿಡಿದು ಎರಡೂ ಕಾಲಿನ ತುದಿಯಲ್ಲಿ ಏಳುವ ವ್ಯಾಯಾಮ ಫಿಸಿಯೊಥೆರಪಿಸ್ಟ್ ಎದುರಲ್ಲೇ ಶುರುವಾಗಲಿ. ನೋವಿಲ್ಲ ಎಂಬ ಧೈರ್ಯದಲ್ಲಿ ಬಸ್ಸಿಗೆ ಓಡುವುದು, ಮೆಟ್ಟಿಲಲ್ಲಿ ಎಡವುವುದು ನಡೆಯುವುದು ಈಗಲೇ. ಟೆಂಡನ್ ಮತ್ತೆ ಹರಿಯುವ ಭಯ ಮೊದಲ ಮೂರು ತಿಂಗಳಲ್ಲೇ ಹೆಚ್ಚು.

3ರಿಂದ 6 ತಿಂಗಳು: ಸ್ಥಿರ ಸೈಕಲ್, ಈಜು, ಒಂಟಿಗಾಲ ಸಮತೋಲನ, ಒಂಟಿ ತುದಿಗಾಲ ಅಭ್ಯಾಸ. ಕಸುವು ಬಂದ ಮೇಲೆ ನಿಧಾನ ಓಟ.

ಬಲಗಾಲಿಗೆ ಬೂಟ್ ಇರುವಷ್ಟು ದಿನ ಕಾರು, ಬೈಕ್ ಓಡಿಸುವಂತಿಲ್ಲ. ಬೂಟ್ ತೆಗೆದ ಮೇಲೂ ಬ್ರೇಕನ್ನು ಗಕ್ಕನೆ ಒತ್ತುವ ಶಕ್ತಿ ಬರುವವರೆಗೆ ಕಾಯಿರಿ.

ಬಿಗಿತ ಬಿಡಿಸಲು ಹೋಗಬೇಡಿ

ಮೂರನೇ ತಿಂಗಳ ಹೊತ್ತಿಗೆ ಕಾಲು ಬಿಗಿಯೆನಿಸುವುದು ಸಹಜ. ನೋಡಲು ಬಂದವರು “ಎಣ್ಣೆ ಹಚ್ಚಿ ಚೆನ್ನಾಗಿ ಎಳೆಯಿರಿ, ಸಡಿಲವಾಗುತ್ತೆ” ಎನ್ನುತ್ತಾರೆ. ಇದೇ ದೊಡ್ಡ ಅಪಾಯ. ಹೊಸದಾಗಿ ಕೂಡಿದ ಟೆಂಡನ್ ಒಮ್ಮೆ ಹಿಗ್ಗಿದರೆ ವ್ಯಾಯಾಮದಿಂದ ಮತ್ತೆ ಗಿಡ್ಡವಾಗುವುದಿಲ್ಲ. ಬಿಗಿತವಾದರೆ ನಡೆಯುತ್ತಾ ನಡೆಯುತ್ತಾ ತಾನಾಗಿ ಸಡಿಲಗೊಳ್ಳುತ್ತದೆ. ಟವೆಲ್ ಹಾಕಿ ಪಾದ ಎಳೆಯುವುದು, ಮೆಟ್ಟಿಲ ಅಂಚಿನಲ್ಲಿ ಹಿಮ್ಮಡಿ ಇಳಿಬಿಡುವುದು ಫಿಸಿಯೊ ಹೇಳುವವರೆಗೆ ಬೇಡ.

ತಡಮಾಡದೆ ಆಸ್ಪತ್ರೆಗೆ ಹೋಗಬೇಕಾದದ್ದು ಯಾವಾಗ?

- ಗಾಯದಿಂದ ಕೀವು, ಕೆಂಪು, ಜ್ವರ.
- ಮೀನಖಂಡದಲ್ಲಿ ಹೆಚ್ಚುತ್ತಿರುವ ನೋವು, ಊತ: ರಕ್ತ ಹೆಪ್ಪುಗಟ್ಟಿರಬಹುದು. ಜತೆಗೆ ಉಸಿರಾಟಕ್ಕೆ ಕಷ್ಟ, ಎದೆನೋವು ಬಂದರೆ 108ಕ್ಕೆ ಕರೆ ಮಾಡಿ.
- ಸ್ಲ್ಯಾಬಿನೊಳಗೆ ತಡೆಯಲಾರದ ನೋವು, ಬೆರಳು ನೀಲಿಗಟ್ಟುವುದು, ಜೋಮು.
- ಮತ್ತೆ ‘ಟಪ್’ ಎಂದು, ತಳ್ಳುವ ಶಕ್ತಿ ಹೋದರೆ.

ಹಂತ 6: ಮೈದಾನಕ್ಕೆ ಯಾವಾಗ?

ಫುಟ್‌ಬಾಲ್ ಆಟಗಾರ ಡೇವಿಡ್ ಬೆಕಮ್ 2010ರ ಮಾರ್ಚ್‌ನಲ್ಲಿ ಗಾಯಗೊಂಡು ಸೆಪ್ಟೆಂಬರ್‌ನಲ್ಲಿ ಅಂಗಳಕ್ಕಿಳಿದರು. 2019ರ ಜೂನ್‌ನಲ್ಲಿ ಇದೇ ಗಾಯವಾದ ಬ್ಯಾಸ್ಕೆಟ್‌ಬಾಲ್ ತಾರೆ ಕೆವಿನ್ ಡ್ಯುರಾಂಟ್ ಮರಳಿದ್ದು 2020ರ ಡಿಸೆಂಬರಿನಲ್ಲಿ. ಉಳಿದವರಿಗೆ 6ರಿಂದ 12 ತಿಂಗಳು ಎಂಬುದು ಸಾಮಾನ್ಯ ಲೆಕ್ಕ. ಕ್ಯಾಲೆಂಡರಿಗಿಂತ ಕಾಲೇ ಒಳ್ಳೆಯ ಅಳತೆಗೋಲು: ಹೊಲಿಗೆ ಹಾಕಿದ ಕಾಲಿನ ಒಂಟಿ ತುದಿಯಲ್ಲಿ, ಇನ್ನೊಂದು ಕಾಲಿನಷ್ಟೇ ಎತ್ತರಕ್ಕೆ, ಹತ್ತಿರ ಹತ್ತಿರ ಅಷ್ಟೇ ಸಲ ಏಳಲು ಆಗುತ್ತಿದೆಯೇ? ಒಂಟಿಗಾಲಲ್ಲಿ ನೋವಿಲ್ಲದೆ ಕುಪ್ಪಳಿಸಬಹುದೇ? ಆಗುತ್ತಿದ್ದರೆ ಮೊದಲು ನೇರ ಓಟ, ಆಮೇಲೆ ತಿರುವು, ಕೊನೆಗೆ ಪಂದ್ಯ. ಆಗದಿದ್ದರೆ ರಾಕೆಟ್ ಇನ್ನೊಂದು ತಿಂಗಳು ಚೀಲದಲ್ಲೇ ಇರಲಿ, ವ್ಯಾಯಾಮ ಮುಂದುವರಿಯಲಿ.