ಫ್ರೀ ಡ್ರಾಪ್: ಚೆಂಡು ಎತ್ತುವ ಮೊದಲು ತಿಳಿದಿರಬೇಕಾದ ಕಾನೂನು

ಗಾಲ್ಫ್ ನಿಯಮಾವಳಿಯ 16ನೇ ನಿಯಮ ಆಟಗಾರರಿಗೆ ಒಂದು ದೊಡ್ಡ ಹಕ್ಕು ಕೊಟ್ಟಿದೆ. ಮೈದಾನದ ಅಸಹಜ ಸ್ಥಿತಿ ಆಟಕ್ಕೆ ಅಡ್ಡಬಂದರೆ, ಒಂದು ಹೊಡೆತದ ದಂಡವನ್ನೂ ತೆರದೆ ಚೆಂಡನ್ನು ಪಕ್ಕಕ್ಕೆ ತೆಗೆದುಕೊಂಡು ಆಡಬಹುದು. ಆಟಗಾರರ ಬಾಯಲ್ಲಿ ಇದು ‘ಫ್ರೀ ಡ್ರಾಪ್’. ಅಸಹಜ ಸ್ಥಿತಿ ಎಂದು ನಿಯಮ ಒಪ್ಪುವುದು ನಾಲ್ಕನ್ನೇ: ಪ್ರಾಣಿ ತೋಡಿದ ಬಿಲ, ಜಿಯುಆರ್ ಎಂದು ಕರೆಯುವ ರಿಪೇರಿ ನೆಲ, ಅಲುಗಿಸಲಾಗದ ಕಟ್ಟಡ-ರಸ್ತೆಗಳಂಥ ಮಾನವ ನಿರ್ಮಿತ ಅಡ್ಡಿ, ತಾತ್ಕಾಲಿಕವಾಗಿ ನಿಂತ ನೀರು.

ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿರುವ ಆರ್ ಅಂಡ್ ಎ ಹಾಗೂ ಅಮೆರಿಕದ ಯುಎಸ್‌ಜಿಎ ಸೇರಿ ಬರೆಯುವ ಈ ನಿಯಮಾವಳಿ ಎಲ್ಲ ಕಡೆಯೂ ಒಂದೇ. ಚಾಕಣದ ವಾಹನ ಕಾರ್ಖಾನೆಯ ಕನ್ನಡಿಗ ಎಂಜಿನಿಯರು ಕಂಪನಿ ಟೂರ್ನಿಗೆಂದು ಪುಣೆಯ ಯೆರವಡಾದ ಪೂನಾ ಗಾಲ್ಫ್ ಕ್ಲಬ್ಬಿಗೆ ಹೋದರೂ, ರಜೆಗೆ ಊರಿಗೆ ಬಂದು 1876ರಷ್ಟು ಹಳೆಯದಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಲ್ಲಿ ಆಡಿದರೂ ಅವರಿಗಿರುವ ಹಕ್ಕು ಬದಲಾಗುವುದಿಲ್ಲ. ಬದಲಾಗುವುದು ಆಯಾ ಮೈದಾನದ ಸ್ಥಳೀಯ ನಿಯಮಗಳು ಮಾತ್ರ. ಅವು ಸ್ಕೋರ್ ಕಾರ್ಡಿನ ಹಿಂಬದಿಯಲ್ಲೋ ನೋಟಿಸ್ ಬೋರ್ಡಿನಲ್ಲೋ ಬರಹದಲ್ಲಿ ಇರಬೇಕು. ಬರಹದಲ್ಲಿ ತೋರಿಸಲಾಗದ ‘ಇಲ್ಲಿ ನಾವು ಮೊದಲಿನಿಂದಲೂ ಹೀಗೇ ಆಡುವುದು’ ಎಂಬ ಮಾತಿಗೆ ಯಾವ ಬೆಲೆಯೂ ಇಲ್ಲ. 2019ರಲ್ಲಿ ನಿಯಮಾವಳಿ ಬುಡದಿಂದ ಬದಲಾಗಿ, 2023ರಲ್ಲಿ ಮತ್ತೆ ಪರಿಷ್ಕಾರವಾಯಿತು. ಹಳೆಯ ಪುಸ್ತಕದ 25ನೇ ನಿಯಮವನ್ನು ನೆನಪಿನಿಂದ ಒಪ್ಪಿಸಿ ಹೊಸಬರನ್ನು ಹೆದರಿಸುವ ಹಿರಿಯ ಸದಸ್ಯರು ಇನ್ನೂ ಇದ್ದಾರೆ. ಅವರ ಮಾತಿಗೆ ತಲೆಯಾಡಿಸುವ ಮೊದಲು ಹೊಸ ಪುಸ್ತಕ ತೆರೆದು ನೋಡುವುದು ಒಳ್ಳೆಯದು.

ಯಾವುದಕ್ಕೆ ಹಕ್ಕಿದೆ, ಯಾವುದಕ್ಕೆ ಇಲ್ಲ ಎಂಬಲ್ಲೇ ಮೊದಲ ಗೊಂದಲ ಹುಟ್ಟುತ್ತದೆ. ನಿಂತ ನೀರು ಕಣ್ಣಿಗೆ ಕಾಣಬೇಕು. ಆಟಗಾರ ಸಹಜವಾಗಿ ನಿಂತಾಗ, ಅಥವಾ ನಿಲ್ಲುವ ಮುನ್ನ, ನೆಲದ ಮೇಲೆ ನೀರು ಕಂಡರೆ ಸಾಕು; ಬೂಟಿನಿಂದ ಒತ್ತಿ ತುಳಿದು ನೀರು ಹಿಂಡಿ ತೋರಿಸಿದರೆ ನಡೆಯದು. ಬರೀ ಕೆಸರಾಗಿದೆ, ಜಾರುತ್ತದೆ ಎಂಬುದು ಸಾಲದು. ಇಬ್ಬನಿಯೂ ಲೆಕ್ಕಕ್ಕಿಲ್ಲ. ಮಳೆಗಾಲದಲ್ಲಿ ಕೆರೆ ತುಂಬಿ, ಕೆಂಪು ಅಥವಾ ಹಳದಿ ಗೂಟ ದಾಟಿ ಹೊರಗೆ ಹರಿದ ನೀರು ತಾತ್ಕಾಲಿಕ ನೀರೇ. ಗೂಟದ ಒಳಗಿನ ನೀರು ಅಲ್ಲ. ಎಮ್ಮೆ ತುಳಿದ ಗೊರಸಿನ ಗುರುತು ತೋಡಿದ ಬಿಲವಲ್ಲವಾದ್ದರಿಂದ ಅದರಿಂದ ಪರಿಹಾರವಿಲ್ಲ, ಆದರೆ ಅದೇ ಗುರುತಿನಲ್ಲಿ ಮಳೆನೀರು ನಿಂತು ಕಂಡರೆ ಹಕ್ಕು ಹುಟ್ಟಿತು. ನಾಯಿ ಕೆದರಿದ ಗುಂಡಿಗೆ 2019ಕ್ಕೆ ಮೊದಲು ಪರಿಹಾರ ಇರಲಿಲ್ಲ, ಈಗ ಇದೆ. ಬಿಲದ ಬಾಯಲ್ಲಿ ಪ್ರಾಣಿ ಎಳೆದುಹಾಕಿದ ಮಣ್ಣೂ ಬಿಲದ ಭಾಗವೇ. ಎರೆಹುಳು, ಕೀಟಗಳು ಮಾಡಿದ ತೂತುಗಳು ಮಾತ್ರ ಹೊರಗೆ.

ರಿಪೇರಿ ನೆಲದ ವಿಷಯದಲ್ಲಿ ಟೂರ್ನಿ ಮತ್ತು ಮೈದಾನ ನಡೆಸುವ ಸಮಿತಿಗಳ ಸೋಮಾರಿತನ ಆಟಗಾರರಿಗೆ ನೇರವಾಗಿ ನಷ್ಟ ತರುತ್ತದೆ. ದಖನ್ನಿನ ಕಪ್ಪು ಎರೆಮಣ್ಣು ಬೇಸಿಗೆಯಲ್ಲಿ ಬಿರಿಯುತ್ತದೆ. ಚೆಂಡು ಅರ್ಧ ಮುಳುಗುವಷ್ಟು ಬಿರುಕು ಬಿಡುವುದೂ ಉಂಟು. ಆ ಬಿರುಕು ತಾನಾಗಿ ಜಿಯುಆರ್ ಆಗುವುದಿಲ್ಲ. ಸಮಿತಿ ಸುತ್ತ ಗೆರೆ ಎಳೆಯಬೇಕು, ಗೂಟ ನೆಡಬೇಕು, ಇಲ್ಲವೇ ಬರಹದಲ್ಲಿ ಘೋಷಿಸಬೇಕು. ಮಾಡದಿದ್ದರೆ ಆಟಗಾರ ಬಿರುಕಿನಿಂದಲೇ ಹೊಡೆಯಬೇಕು, ಅಥವಾ ಚೆಂಡು ಆಡಲಾಗದು ಎಂದು ಒಂದು ಹೊಡೆತದ ದಂಡ ತೆರಬೇಕು. ಒಂದು ಡಬ್ಬಿ ಸುಣ್ಣದ ಕೆಲಸವನ್ನು ಮಾಡದ ಸಮಿತಿಯ ತಪ್ಪಿಗೆ ಆಟಗಾರ ದಂಡ ಕಟ್ಟುವುದು ಅನ್ಯಾಯವೇ. ಆದ್ದರಿಂದ ಆಟ ಶುರುವಾಗುವ ಮೊದಲೇ ಸಮಿತಿಯನ್ನು ಕೇಳಬೇಕು. ಕೇಳುವುದಕ್ಕೆ ಸಂಕೋಚ ಬೇಡ. ಗುರುತು ಹಾಕುವುದು ಅವರ ಕೆಲಸ. ಗುರುತು ಇರಲೇಬೇಕೆಂಬುದಕ್ಕೂ ಅಪವಾದಗಳಿವೆ. ಸಿಬ್ಬಂದಿ ನಿರ್ವಹಣೆಗಾಗಿ ತೋಡಿದ ಗುಂಡಿ, ಆಮೇಲೆ ಸಾಗಿಸಲೆಂದು ಒಟ್ಟಿದ ಹುಲ್ಲಿನ ರಾಶಿ, ಆಡಿದರೆ ಹಾಳಾಗುವ ಹಕ್ಕಿಯ ಗೂಡು ಗುರುತಿಲ್ಲದಿದ್ದರೂ ಜಿಯುಆರ್. ನೆಲಕ್ಕೆ ಗಾಳಿಯಾಡಲೆಂದು ಚುಚ್ಚಿದ ಸಣ್ಣ ತೂತುಗಳು ಅಲ್ಲ.

ಕಾಂಕ್ರೀಟು, ಡಾಂಬರು, ಜಲ್ಲಿ ಹಾಕಿದ ಗಾಡಿ ದಾರಿ, ನೀರು ಚಿಮ್ಮುವ ಸ್ಪ್ರಿಂಕ್ಲರ್ ತಲೆ, ಚರಂಡಿ ಮುಚ್ಚಳ ಇವೆಲ್ಲ ಅಲುಗಿಸಲಾಗದ ಅಡ್ಡಿಗಳು. ನಡೆದು ನಡೆದು ಸವೆದ ಮಣ್ಣಿನ ಕಾಲುದಾರಿ ಅಲ್ಲ. ಎಲ್ಲಕ್ಕಿಂತ ಹೆಚ್ಚು ಜನ ಎಡವುವುದು ಕಾಂಪೌಂಡಿನ ಹತ್ತಿರ: ಮೈದಾನದ ಗಡಿ ಗುರುತಿಸುವ ಗೋಡೆ, ಬೇಲಿ, ಬಿಳಿ ಗೂಟಗಳಿಂದ ಉಚಿತ ಪರಿಹಾರ ಇಲ್ಲವೇ ಇಲ್ಲ.

ಅಡ್ಡಿ ಎಂದರೆ ಮೂರರಲ್ಲಿ ಒಂದು: ಚೆಂಡು ಆ ಸ್ಥಿತಿಯ ಒಳಗೋ ಮೇಲೋ ಇರಬೇಕು, ಅಥವಾ ಅಲ್ಲಿ ಕಾಲೂರಿ ನಿಲ್ಲಬೇಕಾಗಬೇಕು, ಅಥವಾ ಕ್ಲಬ್ ಬೀಸಲು ಅದು ತಡೆಯಾಗಬೇಕು. ಗುರಿಯ ದಾರಿಗೆ ಅಡ್ಡ ಎಂಬ ಕಾರಣ ಚೆಂಡು ಗ್ರೀನ್ ಮೇಲಿದ್ದಾಗ ಮಾತ್ರ ನಡೆಯುತ್ತದೆ. ಚೆಂಡು ಗ್ರೀನಿನಿಂದ ಒಂದು ಅಡಿ ಹೊರಗಿದ್ದು ನಡುವೆ ಸ್ಪ್ರಿಂಕ್ಲರ್ ತಲೆ ಬಂದರೆ, ಅದಕ್ಕೆಂದೇ ಸ್ಥಳೀಯ ನಿಯಮ ಇಲ್ಲದ ಮೈದಾನದಲ್ಲಿ ಚೆಂಡು ಮುಟ್ಟುವಂತಿಲ್ಲ. ಇನ್ನೊಂದು ಎಚ್ಚರ: ಚೆಂಡು ಪೊದೆಯೊಳಗೆ ಸಿಕ್ಕಿ ಹೇಗೂ ಆಡಲಾಗದ ಸ್ಥಿತಿಯಲ್ಲಿದ್ದರೆ, ಕಾಲು ಗಾಡಿ ದಾರಿಯ ಮೇಲಿದೆ ಎಂದು ಪರಿಹಾರ ಕೇಳುವ ಹಾಗಿಲ್ಲ. ಅಡ್ಡಿ ತಾಗಲೆಂದೇ ವಿಚಿತ್ರವಾಗಿ ತಿರುಗಿ ನಿಂತರೂ ಇಲ್ಲ.

ಚೆಂಡು ಎಲ್ಲಿದೆ ಎಂಬುದೂ ಮುಖ್ಯ. ಕೆಂಪು ಅಥವಾ ಹಳದಿ ಗೂಟ ಹಾಕಿದ ಪೆನಾಲ್ಟಿ ಪ್ರದೇಶದೊಳಗೆ ಈ ಹಕ್ಕು ಇಲ್ಲ. ವಿಷದ ಹಾವು, ಕುಟುಕುವ ಜೇನ್ನೊಣಗಳಂಥ ಅಪಾಯಕಾರಿ ಪ್ರಾಣಿಯಿಂದ ಸಿಗುವ ಪರಿಹಾರ ಮಾತ್ರ ಅಲ್ಲಿಯೂ ಇದೆ, ಏಕೆಂದರೆ ಅದು ಜೀವದ ಪ್ರಶ್ನೆ. ಬಂಕರಿನಲ್ಲಿ ಮಳೆನೀರು ತುಂಬಿದ್ದರೆ ಉಚಿತ ಡ್ರಾಪ್ ಬಂಕರಿನ ಒಳಗೇ. ಒಣ ಜಾಗ ಇಲ್ಲದಿದ್ದರೆ ನೀರು ಅತಿ ಕಡಿಮೆ ಇರುವ ಕಡೆ. ಬಂಕರಿನಿಂದ ಹೊರಗೆ ಹಿಂದಕ್ಕೆ ಹೋಗಬೇಕಾದರೆ ಒಂದು ಹೊಡೆತ ದಂಡ. ಗ್ರೀನ್ ಮೇಲೆ ಚೆಂಡನ್ನು ಬೀಳಿಸುವುದಿಲ್ಲ, ಅಡ್ಡಿ ತಪ್ಪುವ ಅತಿ ಹತ್ತಿರದ ಬಿಂದುವಿನಲ್ಲಿ ಇಡಬೇಕು.

ಆಟಗಾರರಿಗೆ ಅತಿ ಹೆಚ್ಚು ನಷ್ಟ ತರುವ ಬಲೆ ಈ ‘ಅತಿ ಹತ್ತಿರದ ಬಿಂದು’ವಿನಲ್ಲೇ ಇದೆ. ನಿಯಮ ಕೊಡುವುದು ಸಂಪೂರ್ಣ ಪರಿಹಾರದ ಅತಿ ಹತ್ತಿರದ ಬಿಂದುವನ್ನು. ಅನುಕೂಲವಾದ ಬಿಂದುವನ್ನಲ್ಲ, ಹುಲ್ಲು ಚೆನ್ನಾಗಿರುವ ಬಿಂದುವನ್ನಲ್ಲ, ಫೇರ್‌ವೇ ಕಡೆಯದನ್ನಂತೂ ಅಲ್ಲ. ಆ ಬಿಂದು ಕುಳಿಗೆ ಇನ್ನೂ ಹತ್ತಿರವಾಗಬಾರದು, ಚೆಂಡು ಬಿದ್ದ ಪ್ರದೇಶದಲ್ಲೇ ಇರಬೇಕು, ಮತ್ತು ಚೆಂಡು, ಕಾಲು, ಬೀಸು ಮೂರಕ್ಕೂ ಅಡ್ಡಿ ತಪ್ಪಿರಬೇಕು. ಇಂಥ ಬಿಂದು ಸಾಮಾನ್ಯವಾಗಿ ಒಂದೇ ಒಂದು. ಅದು ಬೋಗನ್‌ವಿಲ್ಲಾ ಪೊದೆಯ ನಡುವೆ ಬಂದರೆ ಅಲ್ಲಿಯೇ.

ಉದ್ದಕ್ಕೆ ಸಾಗುವ ಕಾಂಕ್ರೀಟು ದಾರಿಯ ನಟ್ಟನಡುವೆ ಚೆಂಡು ನಿಂತಿದೆ ಎನ್ನೋಣ. ಬಲಗೈ ಆಟಗಾರ ಗುರಿಯತ್ತ ನೋಡಿದಾಗ ಚೆಂಡಿನ ಎಡಗಡೆಗೆ ನಿಲ್ಲುತ್ತಾನೆ. ದಾರಿಯ ಎಡಕ್ಕೆ ಹೋದರೆ ಚೆಂಡು ಅಂಚು ದಾಟಿದರೆ ಸಾಕು, ಕಾಲು ಇನ್ನೂ ಆಚೆಗಿರುತ್ತದೆ. ಬಲಕ್ಕೆ ಹೋದರೆ ಕಾಲು ಕೂಡ ದಾರಿ ದಾಟಬೇಕು, ಚೆಂಡು ಇನ್ನಷ್ಟು ದೂರ ಸಾಗಬೇಕು. ಹಾಗಾಗಿ ಅವನ ಬಿಂದು ಎಡಕ್ಕೆ. ಎಡಗೈ ಆಟಗಾರನದು ಬಲಕ್ಕೆ. ಚೆಂಡು ನಡುವಿನಿಂದ ಕೊಂಚ ಬಲಕ್ಕಿದ್ದರೂ ಬಲಗೈ ಆಟಗಾರನ ಬಿಂದು ಎಡಕ್ಕೇ ಬರಬಹುದು. ಎಡಗಡೆ ಪೊದೆ, ಬಲಗಡೆ ಒಳ್ಳೆಯ ಹುಲ್ಲು ಇದ್ದಾಗ ‘ಎರಡೂ ಕಡೆ ಒಂದೇ ಅಲ್ಲವೇ’ ಎಂದು ಬಲಕ್ಕೆ ಡ್ರಾಪ್ ಮಾಡಿ ಹೊಡೆದವರು ತಪ್ಪು ಜಾಗದಿಂದ ಆಡಿದವರಾಗುತ್ತಾರೆ. ಸ್ಟ್ರೋಕ್ ಪ್ಲೇಯಲ್ಲಿ ಎರಡು ಹೊಡೆತ ದಂಡ, ಮ್ಯಾಚ್ ಪ್ಲೇಯಲ್ಲಿ ಆ ಕುಳಿಯೇ ಸೋಲು.

ಬಲೆಯ ಎರಡನೆಯ ಗಂಟು ಇನ್ನೂ ಬಿಗಿ. ಚೆಂಡನ್ನು ಮೊದಲು ಎತ್ತಿ, ಆಮೇಲೆ ಬಿಂದು ಹುಡುಕಿ, ಅದು ಪೊದೆಯೊಳಗೆ ಎಂದು ಗೊತ್ತಾದಾಗ ‘ಬೇಡ, ದಾರಿಯಿಂದಲೇ ಹೊಡೆಯುತ್ತೇನೆ’ ಎಂದು ವಾಪಸ್ಸು ಇಟ್ಟರೆ ಒಂದು ಹೊಡೆತ ದಂಡ. ಓದದೆ ಸಹಿ ಹಾಕಿದ ಕರಾರಿನಂತೆ, ಎತ್ತಿದ ಕೈ ಆಟಗಾರನನ್ನು ಕಟ್ಟಿಹಾಕುತ್ತದೆ. ಪರಿಹಾರ ತೆಗೆದುಕೊಳ್ಳುವುದು ಕಡ್ಡಾಯವಲ್ಲ. ಸಮಿತಿ ‘ಆಡಬಾರದ ವಲಯ’ ಎಂದು ಗುರುತಿಸಿದ ಕಡೆ ಮಾತ್ರ ಕಡ್ಡಾಯ. ಆದ್ದರಿಂದ ಚೆಂಡು ನೆಲದಲ್ಲಿರುವಾಗಲೇ, ಅಡ್ಡಿ ಇಲ್ಲದಿದ್ದರೆ ಆ ಜಾಗದಿಂದ ಯಾವ ಕ್ಲಬ್ ಬಳಸುತ್ತಿದ್ದರೋ ಅದನ್ನೇ ಹಿಡಿದು, ಗುರಿಯತ್ತ ನಿಂತು, ಬೀಸಿ ನೋಡಿ ಬಿಂದು ಗೊತ್ತುಮಾಡಿಕೊಳ್ಳಬೇಕು. ಅಲ್ಲಿ ಡ್ರಾಪ್ ಮಾಡಿದರೆ ಏನು ಸಿಗುತ್ತದೆ ಎಂದು ನೋಡಬೇಕು. ಆಮೇಲೆ ಎತ್ತಬೇಕು. ಇದಕ್ಕೊಂದು ಅಪವಾದ: ಚೆಂಡು ಬಿಲದಲ್ಲಿದೆಯೋ ಇಲ್ಲವೋ ಎಂಬ ನಿಜವಾದ ಅನುಮಾನ ಬಂದರೆ, ಜಾಗಕ್ಕೆ ಗುರುತಿಟ್ಟು ಎತ್ತಿ ನೋಡಬಹುದು, ಆದರೆ ಒರೆಸಬಾರದು.

ಡ್ರಾಪ್ ಮಾಡುವ ಕ್ರಮ ಸರಳ. ಬಿಂದುವಿನಿಂದ ಒಂದು ಕ್ಲಬ್ ಉದ್ದ ಅಳೆಯಬೇಕು. ಅಳತೆಗೆ ಚೀಲದಲ್ಲಿರುವ, ಪಟರ್ ಬಿಟ್ಟು, ಅತಿ ಉದ್ದದ ಕ್ಲಬ್. ಮೊಣಕಾಲಿನ ಎತ್ತರದಿಂದ ನೇರವಾಗಿ ಬಿಡಬೇಕು. ಭುಜದ ಎತ್ತರ 2019ರಲ್ಲೇ ಹೋಯಿತು. ಚೆಂಡು ಆ ಅಳತೆಯೊಳಗೇ ನಿಲ್ಲಬೇಕು. ಹೊರಗುರುಳಿದರೆ ಮತ್ತೊಮ್ಮೆ, ಆಗಲೂ ಉರುಳಿದರೆ ಎರಡನೆಯ ಸಲ ನೆಲ ಮುಟ್ಟಿದ ಕಡೆ ಇಡಬೇಕು. ಬೇರೆ ಚೆಂಡನ್ನೂ ಬಳಸಬಹುದು. ಡ್ರಾಪ್ ತಪ್ಪಾಗಿದೆ ಎಂದು ಹೊಡೆಯುವ ಮೊದಲು ತಿಳಿದರೆ ಎತ್ತಿ ಸರಿಮಾಡಿಕೊಳ್ಳಬಹುದು, ದಂಡವಿಲ್ಲ. ಹೊಡೆದ ಮೇಲೆ ಈ ಅವಕಾಶ ಮುಗಿಯಿತು.

ಡ್ರಾಪ್ ಮಾಡಬೇಕಾದವರು ಆಟಗಾರರೇ, ಕ್ಯಾಡಿ ಅಲ್ಲ. ಗ್ರೀನಿನ ಹೊರಗೆ, ಆಟಗಾರ ಪರಿಹಾರ ತೆಗೆದುಕೊಳ್ಳಲು ನಿರ್ಧರಿಸುವ ಮೊದಲು, ಕ್ಯಾಡಿ ಚೆಂಡು ಎತ್ತುವಂತಿಲ್ಲ. ಎತ್ತಿದರೆ ದಂಡ ಆಟಗಾರನ ಲೆಕ್ಕಕ್ಕೆ. ಕ್ಯಾಡಿಗಳ ಅನುಭವ ಸಣ್ಣದಲ್ಲ: ಬೆಂಗಳೂರಿನ ಕರ್ನಾಟಕ ಗಾಲ್ಫ್ ಅಸೋಸಿಯೇಷನ್ (ಕೆಜಿಎ) ಮೈದಾನದಲ್ಲಿ ಕ್ಯಾಡಿಯಾಗಿದ್ದ ಸಿ. ಮುನಿಯಪ್ಪ 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಮೈದಾನದ ಇಳಿಜಾರು, ಗಾಳಿಯ ಬಗ್ಗೆ ಕ್ಯಾಡಿಯನ್ನು ಕೇಳಲೇಬೇಕು. ಆದರೆ ‘ಫ್ರೀ ಇದೆ ಸಾರ್, ಎತ್ತಿಬಿಡ್ಲಾ’ ಎಂಬ ಪ್ರಶ್ನೆಗೆ ತಕ್ಷಣ ಹೂಂ ಎನ್ನಬಾರದು. ಆ ಹೂಂ ಒಪ್ಪಿಗೆಯಾಗುತ್ತದೆ.

ಜೊತೆಗಾರರ ಒಪ್ಪಿಗೆ ಇನ್ನೂ ಅಪಾಯಕಾರಿ. 2013ರ ಜನವರಿಯಲ್ಲಿ ಅಬುಧಾಬಿ ಟೂರ್ನಿಯಲ್ಲಿ ಟೈಗರ್ ವುಡ್ಸ್ ಅವರ ಚೆಂಡು ಬಿದ್ದ ರಭಸಕ್ಕೆ ನೆಲದಲ್ಲಿ ಹೂತಿತ್ತು. ಜೊತೆಗೆ ಆಡುತ್ತಿದ್ದ ಮಾರ್ಟಿನ್ ಕೈಮರ್ ಅವರನ್ನು ಕರೆದು ತೋರಿಸಿ, ಅವರು ಒಪ್ಪಿದ ಮೇಲೆ ವುಡ್ಸ್ ಉಚಿತ ಡ್ರಾಪ್ ತೆಗೆದುಕೊಂಡರು. ಆದರೆ ಅದು ಮರಳಿನ ನೆಲ. ಹೂತ ಚೆಂಡಿನ ಪರಿಹಾರ ಮರಳಿಗೆ ಅನ್ವಯಿಸುತ್ತಿರಲಿಲ್ಲ. ಎರಡು ಹೊಡೆತ ದಂಡ ಬಿತ್ತು, ಒಂದೇ ಹೊಡೆತದ ಅಂತರದಲ್ಲಿ ಅವರು ಮುಂದಿನ ಸುತ್ತುಗಳಿಗೆ ಅರ್ಹತೆ ಕೊಡುವ ಕಟ್ ಕಳೆದುಕೊಂಡರು. ಹೂತ ಚೆಂಡು ಇಂದು 16.3ನೇ ನಿಯಮದಡಿ ಬರುತ್ತದೆ, ಫೇರ್‌ವೇಯಷ್ಟು ತಗ್ಗಾಗಿ ಕತ್ತರಿಸದ ಕಡೆಯ ಮರಳಿಗೆ ಇಂದೂ ಪರಿಹಾರವಿಲ್ಲ. ಅಂಥ ಆಟಗಾರನಿಗೇ ಜೊತೆಗಾರರ ಮಾತು ರಕ್ಷಣೆ ಕೊಡಲಿಲ್ಲ ಎಂದ ಮೇಲೆ, ಕಂಪನಿ ಟೂರ್ನಿಯಲ್ಲಿ ಬಾಸ್ ‘ಪರವಾಗಿಲ್ಲ, ತೊಗೊಳ್ಳಿ’ ಎಂದದ್ದು ತೀರ್ಪಾಗುವುದಿಲ್ಲ. ಸ್ಟ್ರೋಕ್ ಪ್ಲೇಯಲ್ಲಿ ತೀರ್ಪು ಕೊಡುವ ಅಧಿಕಾರ ರೆಫರಿಗೆ ಅಥವಾ ಸಮಿತಿಗೆ ಮಾತ್ರ.

ನೀರಿನಲ್ಲೋ ಜಿಯುಆರ್‌ನಲ್ಲೋ ಚೆಂಡು ಕಳೆದುಹೋದರೂ ಹಕ್ಕು ಉಳಿಯುತ್ತದೆ, ಆದರೆ ಅದು ಅಲ್ಲೇ ಹೋಯಿತೆಂಬುದು ಖಚಿತ ಅಥವಾ ಹೆಚ್ಚುಕಡಿಮೆ ಖಚಿತವಾಗಿರಬೇಕು. ನಿಯಮದ ಅಳತೆಯಲ್ಲಿ ಶೇ 95ರಷ್ಟು. ಚೆಂಡು ಆ ಜಾಗದ ಅಂಚನ್ನು ಕೊನೆಗೆ ದಾಟಿದ ಕಡೆಯಿಂದ ಬಿಂದು ಲೆಕ್ಕ ಹಾಕಬೇಕು. ‘ಅಲ್ಲೇ ಇರಬೇಕು’ ಎಂಬ ಊಹೆ ಸಾಲದು. ಮೂರು ನಿಮಿಷ ಹುಡುಕಿ ಸಿಗದಿದ್ದರೆ ಅದು ಕಳೆದ ಚೆಂಡು.

ರೆಫರಿ ಕಾಣದ, ಸಮಿತಿಯವರು ಕ್ಲಬ್‌ಹೌಸ್ ಬಿಟ್ಟು ಬಾರದ ಟೂರ್ನಿಗಳೇ ಹೆಚ್ಚು. ಅಂಥಲ್ಲಿ ಸ್ಟ್ರೋಕ್ ಪ್ಲೇ ಆಟಗಾರರಿಗೆ 20.1ಸಿ ನಿಯಮದ ಆಸರೆ ಇದೆ. ಅನುಮಾನ ಬಂದ ಕೂಡಲೇ, ಮುಂದಿನ ಹೊಡೆತಕ್ಕೆ ಮೊದಲು, ಎರಡು ಚೆಂಡು ಆಡುವುದಾಗಿ ಸ್ಕೋರ್ ಬರೆಯುವ ಮಾರ್ಕರಿಗೆ ಹೇಳಿ, ನಿಯಮ ಒಪ್ಪಿದರೆ ಯಾವುದು ಲೆಕ್ಕಕ್ಕೆ ಎಂದೂ ಹೇಳಬೇಕು. ಒಂದನ್ನು ಇದ್ದಲ್ಲಿಂದ, ಇನ್ನೊಂದನ್ನು ಡ್ರಾಪ್ ಮಾಡಿ ಆ ಕುಳಿ ಮುಗಿಸಬೇಕು. ಹೇಳುವುದು ಮರೆತರೆ ಮೊದಲು ಆಡಿದ ಚೆಂಡೇ ಆಯ್ಕೆ ಎಂದಾಗುತ್ತದೆ. ಎರಡರಲ್ಲೂ ಒಂದೇ ಸ್ಕೋರ್ ಬಂದರೂ ಕಾರ್ಡ್ ಒಪ್ಪಿಸುವ ಮೊದಲು ಸಮಿತಿಗೆ ವರದಿ ಮಾಡಬೇಕು; ಮಾಡದಿದ್ದರೆ ಅನರ್ಹತೆ. ಮ್ಯಾಚ್ ಪ್ಲೇಯಲ್ಲಿ ಎರಡು ಚೆಂಡಿನ ದಾರಿ ಇಲ್ಲ. ಅಲ್ಲಿ ಎದುರಾಳಿಯೊಡನೆ ಪ್ರಾಮಾಣಿಕವಾಗಿ ಒಪ್ಪಿಕೊಂಡು ಮುಂದುವರಿಯಬಹುದು, ಒಪ್ಪದಿದ್ದರೆ ತೀರ್ಪು ಬೇಕೆಂದು ಮುಂದಿನ ಕುಳಿಯ ಮೊದಲ ಹೊಡೆತಕ್ಕೆ ಮುಂಚೆ ಹೇಳಬೇಕು. ಆಮೇಲೆ ಹೇಳಿದರೆ ಯಾರೂ ಕೇಳುವುದಿಲ್ಲ.

ದಂಡ ಬಿದ್ದಿದೆ ಎಂದು ಗೊತ್ತಿದ್ದೂ ಬಿಟ್ಟು ಕಾರ್ಡಿಗೆ ಸಹಿ ಹಾಕಿದವರು ಅನರ್ಹರಾಗುತ್ತಾರೆ. ಗೊತ್ತಿಲ್ಲದೆ ಬಿಟ್ಟುಹೋಗಿದ್ದರೆ, ಆಮೇಲೆ ತಿಳಿದಾಗ ಸಮಿತಿ ಆ ಹೊಡೆತಗಳನ್ನು ಸೇರಿಸುತ್ತದೆ, ಅಷ್ಟೆ.