ಉಣ್ಣೆಗೆ ಹಾಕಿದ ಔಷಧಿ ಹಸುವಿಗೆ ವಿಷವಾಗುವುದೇಕೆ?



ರಾಸುಗಳ ಮೈಮೇಲೆ ಉಣ್ಣೆ ಹೆಚ್ಚಾದಾಗ, ಬೆಳೆಗೆಂದು ತಂದ ಕೀಟನಾಶಕವನ್ನೇ ನೀರಿಗೆ ಬೆರೆಸಿ ಬಳಿಯುವುದುಂಟು. ಸ್ವಲ್ಪ ಹೊತ್ತಿನಲ್ಲೇ ಹಸು ಜೊಲ್ಲು ಸುರಿಸಿ, ನಡುಗಿ ನೆಲ ಹಿಡಿಯಬಹುದು. ಇದಕ್ಕೆ ಕಾರಣ ತಿಳಿದಿದ್ದರೆ ಆಗ ಏನು ಮಾಡಬೇಕೆಂಬುದೂ ತಿಳಿಯುತ್ತದೆ.

ನರದ ಸಂದೇಶ ಸಾಗುವ ಬಗೆ

ನರಕೋಶದೊಳಗೆ ಸಂದೇಶವು ವಿದ್ಯುತ್ತಿನ ರೂಪದಲ್ಲಿ ಓಡುತ್ತದೆ. ಆದರೆ ನರದ ತುದಿಗೂ ಮುಂದಿನ ಕೋಶಕ್ಕೂ ನಡುವೆ ಒಂದು ಸಣ್ಣ ಸಂದು ಇರುತ್ತದೆ. ಅದು ಒಂದು ಮಿಲಿಮೀಟರಿನ 10,000 ಪಾಲಿನಲ್ಲಿ ಒಂದು ಪಾಲಿಗಿಂತಲೂ ಕಿರಿದು. ಈ ಕೂಡುತಾಣಕ್ಕೆ 'ಸಿನಾಪ್ಸ್' ಎಂದು ಹೆಸರು. ಸಂದೇಶ ಇಲ್ಲಿಗೆ ಬಂದಾಗ ನರದ ತುದಿಯಿಂದ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಹೊರಬಂದು, ಸಂದನ್ನು ದಾಟಿ ಆಚೆಯ ಕೋಶಕ್ಕೆ ತಗಲುತ್ತದೆ. ಆಗ ಮಾಂಸಖಂಡ ಬಿಗಿಯುತ್ತದೆ, ಗ್ರಂಥಿ ಜೊಲ್ಲು ಸ್ರವಿಸುತ್ತದೆ. ನರದ ಸಂದೇಶವನ್ನು ರಾಸಾಯನಿಕವು ಒಯ್ಯುವುದೆಂದು ಆಟೋ ಲೋವಿ 1921ರಲ್ಲಿ ಕಪ್ಪೆಯ ಹೃದಯದ ಮೇಲೆ ಪ್ರಯೋಗ ಮಾಡಿ ತೋರಿಸಿದರು. 1936ರಲ್ಲಿ ಅವರಿಗೂ ಹೆನ್ರಿ ಡೇಲ್ ಅವರಿಗೂ ನೊಬೆಲ್ ಬಹುಮಾನ ಬಂದಿತು.

ಕೆಲಸ ಮುಗಿದೊಡನೆ ಅಸಿಟೈಲ್‌ಕೋಲಿನ್ ಅಲ್ಲಿಂದ ತೊಲಗಬೇಕು. ಕೋಲಿನೆಸ್ಟರೇಸ್ ಎಂಬ ಕಿಣ್ವವು ಕ್ಷಣಮಾತ್ರದಲ್ಲಿ ಅದನ್ನು ಒಡೆದುಹಾಕುತ್ತದೆ.

ವಿಷ ಮಾಡುವುದೇನು?

ಕ್ಲೋರ್‌ಪೈರಿಫಾಸ್, ಪ್ರೊಫೆನೋಫಾಸ್ ಮುಂತಾದ ಆರ್ಗನೋಫಾಸ್ಫೇಟ್ ಗುಂಪಿನ ಕೀಟನಾಶಕಗಳು ಈ ಕಿಣ್ವವನ್ನೇ ಕಟ್ಟಿಹಾಕುತ್ತವೆ. ಬಸಿಗಾಲುವೆ ಕಟ್ಟಿಕೊಂಡ ಗದ್ದೆಯಲ್ಲಿ ನೀರು ನಿಲ್ಲುವಂತೆ ಅಸಿಟೈಲ್‌ಕೋಲಿನ್ ಸಂದಿನಲ್ಲಿ ತುಂಬಿಕೊಳ್ಳುತ್ತದೆ. ಆಗ ಸಂದೇಶ ನಿಲ್ಲುವುದೇ ಇಲ್ಲ. ಜೊಲ್ಲು, ಕಣ್ಣೀರು ಸುರಿಯುತ್ತವೆ, ಸಗಣಿ ನೀರಾಗುತ್ತದೆ, ಕಣ್ಣಿನ ಪಾಪೆ ಕಿರಿದಾಗುತ್ತದೆ, ಮಾಂಸಖಂಡ ಅದುರುತ್ತದೆ. ಕೊನೆಗೆ ಮಾಂಸಖಂಡಗಳು ಸೋತು, ಉಸಿರಾಟ ನಿಂತು ರಾಸು ಸಾಯುತ್ತದೆ.

ತಕ್ಷಣ ಮಾಡಬೇಕಾದುದು

1. ಪಶುವೈದ್ಯರಿಗೆ ಕೂಡಲೇ ತಿಳಿಸಿ. ಅಟ್ರೋಪಿನ್ ಚುಚ್ಚುಮದ್ದು ಗ್ರಂಥಿ, ಶ್ವಾಸನಾಳಗಳಲ್ಲಿ ಅಸಿಟೈಲ್‌ಕೋಲಿನ್ ತಗಲದಂತೆ ತಡೆಯುತ್ತದೆ. ಕಟ್ಟಿಹೋದ ಕಿಣ್ವವನ್ನು ಬಿಡಿಸುವ ಔಷಧಿಯೂ ಇದೆ. ತಡವಾದಷ್ಟೂ ಅದರ ಗುಣ ಕಡಿಮೆ.
2. ಔಷಧಿ ಮೈಗೆ ತಗಲಿದ್ದರೆ ಸೋಪು ಹಾಕಿ ಧಾರಾಳ ನೀರಿನಿಂದ ತೊಳೆಯಿರಿ. ನಿಮ್ಮ ಕೈಗೆ ರಬ್ಬರ್ ಗವಸು ಇರಲಿ. ಈ ವಿಷ ಮನುಷ್ಯರ ಚರ್ಮದ ಮೂಲಕವೂ ಒಳಸೇರುತ್ತದೆ.
3. ಗೊಟ್ಟದಲ್ಲಿ ಎಣ್ಣೆ, ಮಜ್ಜಿಗೆ ಕುಡಿಸಬೇಡಿ. ನುಂಗಲಾರದ ರಾಸಿನಲ್ಲಿ ಅದು ಶ್ವಾಸಕೋಶಕ್ಕೆ ಇಳಿಯುತ್ತದೆ.
4. ಔಷಧಿಯ ಡಬ್ಬಿಯನ್ನು ವೈದ್ಯರಿಗೆ ತೋರಿಸಿ.
5. ವೈದ್ಯರು ಹೇಳುವವರೆಗೆ ಆ ಹಸುವಿನ ಹಾಲನ್ನು ಸಂಘಕ್ಕೆ ಹಾಕಬೇಡಿ, ಮನೆಯಲ್ಲೂ ಬಳಸಬೇಡಿ.

ಸಿಂಪಡಿಸಿದ ಹೊಲದ ಬದುವಿನ ಹುಲ್ಲನ್ನು ಮೇಯಿಸಬೇಡಿ. ಔಷಧಿ ಕಲಸಿದ ಬಕೆಟ್ಟಿನಲ್ಲಿ ರಾಸುಗಳಿಗೆ ನೀರಿಡಬೇಡಿ. ಉಣ್ಣೆಗೆ ರಾಸುಗಳಿಗೆಂದೇ ತಯಾರಾದ ಔಷಧಿಗಳಿವೆ. ವೈದ್ಯರನ್ನು ಕೇಳಿ, ಅವರು ಹೇಳಿದ ಪ್ರಮಾಣದಲ್ಲೇ ಬಳಸಿರಿ.