ಕಾರವಾರ–ಅಂಕೋಲಾ ಮಹಿಳೆಯರ ಸಾಂಪ್ರದಾಯಿಕ ಉಡುಗೆ ಮತ್ತು ಕರ್ನಾಟಕದ ಕಸೂತಿ: ಪರೀಕ್ಷಾ ಟಿಪ್ಪಣಿ

ಅ) ಹಾಲಕ್ಕಿ ಒಕ್ಕಲಿಗ ಮಹಿಳೆಯರ ಉಡುಗೆ
1. ನೆಲೆ: ಉತ್ತರ ಕನ್ನಡದ ಕರಾವಳಿ (ಕಾರವಾರ, ಅಂಕೋಲಾ, ಕುಮಟಾ, ಹೊನ್ನಾವರ).
2. ಉಡುವ ಕ್ರಮ: ರವಿಕೆ ಇಲ್ಲ, ಸೀರೆಯನ್ನು ಎದೆ ಸುತ್ತಿ ತಂದು ಮೇಲೆ ಗಂಟು ಕಟ್ಟುತ್ತಾರೆ. ಬೆನ್ನು, ತೋಳು ತೆರೆದಿರುವುದರಿಂದ ಗದ್ದೆ ಕೆಲಸಕ್ಕೆ ಅನುಕೂಲ.
3. ಆಭರಣ: ಕುತ್ತಿಗೆಯಿಂದ ಎದೆಯವರೆಗೆ ಸಾಲು ಸಾಲು ಮಣಿಸರ, ಮೂಗುತಿ.
4. ಸುಕ್ರಿ ಬೊಮ್ಮಗೌಡ: ಹಾಲಕ್ಕಿ ಜನಪದ ಗಾಯಕಿ, ಪದ್ಮಶ್ರೀ 2017.
5. ತುಳಸಿ ಗೌಡ: ಪರಿಸರ ಸೇವೆ, ಪದ್ಮಶ್ರೀ 2020, ಪ್ರದಾನ 2021ರಲ್ಲಿ. ಇದೇ ಉಡುಗೆಯಲ್ಲಿ, ಬರಿಗಾಲಲ್ಲಿ ಪ್ರಶಸ್ತಿ ಸ್ವೀಕರಿಸಿದರು.

ಆ) ಧಾರವಾಡ ಭಾಗದ ಕಸೂತಿ
- 4 ಹೊಲಿಗೆ: ಗವಂತಿ, ಮುರ್ಗಿ, ನೇಯ್ಗಿ, ಮೆಂತಿ.
- ನಕ್ಷೆ ಬರೆದುಕೊಳ್ಳದೆ ಬಟ್ಟೆಯ ಎಳೆ ಎಣಿಸಿ ಹೊಲಿಯುತ್ತಾರೆ.
- ವಿನ್ಯಾಸ: ಗೋಪುರ, ತೇರು, ತುಳಸಿಕಟ್ಟೆ, ಆನೆ.
- ಬಳಕೆ: ಇಳಕಲ್ ಸೀರೆ, ಕಪ್ಪು ಚಂದ್ರಕಾಳಿ ಸೀರೆ.

ಇ) ಗೊಂದಲ ಬೇಡ
- ಹಾಲಕ್ಕಿ ಉಡುಗೆಯ ಸೊಬಗು ಮಣಿಸರದ್ದು, ಕಸೂತಿಯದ್ದಲ್ಲ.
- ಗವಂತಿ, ಮುರ್ಗಿ: ಎರಡೂ ಬದಿ ಒಂದೇ ರೂಪ. ಮೆಂತಿ: ಅಡ್ಡಹೊಲಿಗೆ, ಹಿಂಬದಿ ಬೇರೆ.
- ಲಂಬಾಣಿ ಕಸೂತಿ: ಕನ್ನಡಿ, ಕವಡೆ, ಬಳ್ಳಾರಿ ಜಿಲ್ಲೆಯ ಸಂಡೂರು. ಇದಕ್ಕೂ ಧಾರವಾಡ ಕಸೂತಿಗೂ ಪ್ರತ್ಯೇಕ ಭೌಗೋಳಿಕ ಸೂಚಕ ಮಾನ್ಯತೆ ಇದೆ.
- ಕೌದಿ: ಹಳೆ ಬಟ್ಟೆ ತುಂಡುಗಳನ್ನು ಜೋಡಿಸಿದ ಹೊದಿಕೆ, ಉತ್ತರ ಕನ್ನಡದ ಸಿದ್ದಿ ಮಹಿಳೆಯರ ಕೌದಿ ಪ್ರಸಿದ್ಧ.

ನೆನಪಿಡಿ: ಹಾಲಕ್ಕಿ–ಮಣಿ, ಧಾರವಾಡ–ಎಳೆ, ಲಂಬಾಣಿ–ಕನ್ನಡಿ, ಸಿದ್ದಿ–ಕೌದಿ.